ಟೆರೇಸಿನ ಮೇಲೆ ಹಾಸಿದ ಸೀರೆಗಳು

ಅಮ್ಮನ ಸೀರೆಗಳನ್ನು ಜೋಪಾನವಾಗಿ ಇಡು ಎಂದು ಅಕ್ಕ ನನಗೆ ಹೇಳಿದ್ದಳು. ನಾನು ಇಡಲಿಲ್ಲ. ನನ್ನ ಚೆನ್ನೈ ಪ್ರಯಾಣ ಶುರುವಾದದ್ದೇ ಆ ತಪ್ಪಿನಿಂದ. ಹಾಗಾಗಿ ರೈಲು ಹತ್ತುವುದಕ್ಕೆ ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಕೋಟೇಶ್ವರದ ಪೇಟೆಯಲ್ಲಿ ದರ್ಜಿ. ಏಳನೇ ತರಗತಿಯವರೆಗೆ ಓದಿದವನು. ಆಮೇಲೆ ಮುಂಬಯಿಗೆ ಹೋಗಿ ಹೊಲಿಗೆ ಕಲಿತೆ, ಸ್ವಲ್ಪ ಹಿಂದಿಯೂ ಬಂತು. ಗಿರಾಕಿಗಳ ಅಳತೆ ಬರೆದುಕೊಳ್ಳುವುದು ಬಿಟ್ಟರೆ ಬರವಣಿಗೆಯ ಅಭ್ಯಾಸವಿಲ್ಲ. ಅಮ್ಮ ತೀರಿಕೊಂಡಾಗ ಅಕ್ಕ ಜಲಜ ಚೆನ್ನೈಯಿಂದ ಬಂದಳು. ಭಾವನಿಗೆ ಆಗ ಮೈ ಹುಷಾರಿರಲಿಲ್ಲ, ಹನ್ನೆರಡನೆಯ ದಿನದ ಊಟ ಮುಗಿದದ್ದೇ ಹೊರಟು ನಿಂತಳು. ಹೊರಡುವ ಮುಂಚೆ ಟ್ರಂಕಿನ ಮುಚ್ಚಳ ಎತ್ತಿ, ಅಮ್ಮನ ಹತ್ತಿ ಸೀರೆಗಳ ಮೇಲೆ ಕೈಯಾಡಿಸಿ, "ಇದನ್ನ್ ಯಾರಿಗೂ ಕೊಡ್ಬೇಡ ಶೇಖರ. ಮುಂದಿನ ಸಲ ಬಂದಾಗ ತಕಂಡ್ ಹೋತೆ" ಎಂದಳು. ನಾನು ತಲೆಯಾಡಿಸಿದೆ.

ಯಾರಿಗೂ ಕೊಡಲಿಲ್ಲ, ಅದು ನಿಜ. ಆದರೆ ಅಂಗಡಿಯ ಇಸ್ತ್ರಿ ಮೇಜಿನ ಹಾಸು ಸುಟ್ಟು ಹೋಗಿತ್ತು. ಇಸ್ತ್ರಿಗೆ ಹಳೆಯ ಹತ್ತಿ ಸೀರೆಯಷ್ಟು ಒಳ್ಳೆಯ ಹಾಸು ಬೇರೆ ಇಲ್ಲ. ಒಂದನ್ನು ತಂದು ಮಡಚಿ ಹಾಸಿದೆ. ಮದುವೆಯ ಸೀಸನ್ನಿನಲ್ಲಿ ರವಿಕೆಗಳಿಗೆ ಒಳಬಟ್ಟೆ ಸಾಲದೆ ಬಂದಾಗ ಇನ್ನೊಂದನ್ನು ಕತ್ತರಿಸಿದೆ. ಹೊಸ ನಮೂನೆಯ ಕುತ್ತಿಗೆ ಕತ್ತರಿಸಿ ನೋಡುವುದಕ್ಕೆ ಮತ್ತೊಂದು. ಚೂರುಗಳು ಮಷೀನಿನ ಎಣ್ಣೆ ಒರೆಸುವುದಕ್ಕೆ ಹೋದವು. ಪ್ರತಿ ಸಲವೂ ಇದೊಂದೇ ಎಂದುಕೊಂಡೆ. ದರ್ಜಿಯ ಕಣ್ಣಿಗೆ ಬಟ್ಟೆ ಬಟ್ಟೆಯಾಗಿಯೇ ಕಾಣುತ್ತದೆ, ಉಟ್ಟವರ ನೆನಪು ಬರುವುದಿಲ್ಲ. ಟ್ರಂಕು ಖಾಲಿಯಾದದ್ದು ನನಗೆ ತಿಳಿದದ್ದು ಅಕ್ಕನ ಫೋನು ಬಂದ ದಿನ.

ಅಕ್ಕನ ಮಗಳು ದೀಪಾ ಗರ್ಭಿಣಿ. ಚೆನ್ನೈಯಲ್ಲಿ ಬೆಂಗಾಲಿ ಹೆಂಗಸರಿಂದ ಅಕ್ಕ ಒಂದು ಕಸೂತಿ ಕಲಿತಿದ್ದಾಳಂತೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲೇ ಹೊಲಿಯುವುದು, ಹೆಸರು ಕಾಂಥಾ. ಹುಟ್ಟುವ ಮಗುವಿಗೆ ಅಮ್ಮನ ಸೀರೆಗಳಲ್ಲಿ ಹೊದಿಕೆ ಮಾಡುತ್ತಾಳಂತೆ. "ಕೊರಿಯರ್ ಬೇಡ, ಕಳ್ದ್ ಹೋತ್. ನೀನೇ ತಕಂಡ್ ಬಾ" ಎಂದಳು. ನಾನು ಆಯಿತು ಎಂದೆ. ಸೀರೆ ಇಲ್ಲ ಎನ್ನುವುದಕ್ಕೆ ಅದೇ ಹೊತ್ತು ಸರಿಯಾಗಿತ್ತು, ಅದನ್ನು ತಪ್ಪಿಸಿಕೊಂಡೆ.

ಪಕ್ಕದ ಮನೆಯ ಶಾರದಕ್ಕ ಅಮ್ಮನ ಓರಗೆಯವಳು. ಇಬ್ಬರೂ ಕುಂದಾಪುರದ ಒಂದೇ ಅಂಗಡಿಯಲ್ಲಿ ಸೀರೆ ತೆಗೆಯುತ್ತಿದ್ದರು. ಇಸ್ತ್ರಿ ಮೇಜಿಗೆ ಬೇಕು ಎಂದು ಸುಳ್ಳು ಹೇಳಿ ಅವಳ ಹಳೆಯ ಸೀರೆಗಳನ್ನು ಕೇಳಿದೆ. ನಾಲ್ಕು ಕೊಟ್ಟಳು. ಅವನ್ನು ಒಗೆದು, ಮಡಚಿ, ಅಮ್ಮನ ಟ್ರಂಕಿನಲ್ಲಿ ವಾರವಿಟ್ಟು ಟ್ರಂಕಿನ ವಾಸನೆ ಹಿಡಿಸಿದೆ. ಹೊರಡುವ ದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಇಸ್ತ್ರಿ ಮೇಜಿನ ಹಾಸು ಬಿಚ್ಚಿದೆ. ಅಡಿಯಲ್ಲಿ ಅಮ್ಮನ ಹಸಿರು ಸೀರೆಯ ಸೆರಗಿನ ತುಂಡು ಉಳಿದಿತ್ತು, ನಡುವೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು. ಅದನ್ನೂ ಚೀಲದ ತಳಕ್ಕೆ ಹಾಕಿಕೊಂಡೆ. ಯಾಕೆಂದು ಆಗ ಗೊತ್ತಿರಲಿಲ್ಲ.

ಕೋಟೇಶ್ವರದಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು, ಅಲ್ಲಿಂದ ಮಧ್ಯಾಹ್ನದ ಮದ್ರಾಸ್ ಮೇಲು. ಹೆಸರು ಬದಲಾದರೂ ನಮ್ಮ ಕಡೆಯವರು ಈಗಲೂ ಹಾಗೇ ಕರೆಯುತ್ತಾರೆ. ಸ್ಲೀಪರ್ ಟಿಕೆಟ್ಟು ಐನೂರರ ಒಳಗೇ ಆಯಿತು. ಕಾಸರಗೋಡಿನಲ್ಲಿ ಹತ್ತಿದ ಒಬ್ಬ ಹೆಂಗಸು ಎದುರು ಸೀಟಿನಲ್ಲಿ ಕೂತಳು. ಮಗನ ಮನೆಗೆ ಹಲಸಿನ ಹಪ್ಪಳದ ಕಟ್ಟು ಒಯ್ಯುತ್ತಿದ್ದಳು. ನಾನು ಚೀಲವನ್ನು ತೊಡೆಯ ಮೇಲಿಂದ ಇಳಿಸದೇ ಇದ್ದದ್ದು ಕಂಡು, ಅದರಲ್ಲಿ ಬಂಗಾರವಿದೆಯೇ ಎಂದು ತಮಾಷೆ ಮಾಡಿದಳು. ಅಮ್ಮನ ಸೀರೆ, ಅಕ್ಕನಿಗೆ ಕೊಡುವುದಕ್ಕೆ ಒಯ್ಯುತ್ತಿದ್ದೇನೆ ಎಂದೆ. ಪುಣ್ಯದ ಕೆಲಸ ಎಂದು ಅವಳು ಎರಡು ಹಪ್ಪಳ ಕೊಟ್ಟಳು. ಕರಿಯದ ಹಪ್ಪಳವನ್ನು ರೈಲಿನಲ್ಲಿ ಏನು ಮಾಡುವುದು? ಅದನ್ನೂ ಚೀಲಕ್ಕೆ ಸೇರಿಸಿಕೊಂಡೆ. ಶೊರನೂರು ದಾಟುವಾಗ ಕತ್ತಲಾಯಿತು. ಪಾಲಕ್ಕಾಡಿನ ಗಾಳಿ ಕಿಟಕಿಯಿಂದ ಬೀಸುತ್ತಿದ್ದಂತೆ ನಿದ್ದೆ ಬಂತು.

ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಅಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿತು. ನಮ್ಮೂರಿನದೂ ಕಡಲ ಸೆಕೆಯೇ, ಆದರೆ ಇಲ್ಲಿಯದು ಸಿಮೆಂಟಿನಿಂದ ಏಳುತ್ತದೆ. ಅಕ್ಕ ಫೋನಿನಲ್ಲಿ ಹೇಳಿದ್ದಂತೆ ಸುರಂಗದ ದಾರಿಯಲ್ಲಿ ರಸ್ತೆ ದಾಟಿ ಪಾರ್ಕ್ ಸ್ಟೇಷನ್ನಿಗೆ ಹೋದೆ. ನುಂಗಂಬಾಕ್ಕಂಗೆ ಐದು ರೂಪಾಯಿ ಟಿಕೆಟ್ಟು. ನಮ್ಮಲ್ಲಿ ಐದು ರೂಪಾಯಿಗೆ ಬಸ್ಸಿನ ಕಂಡಕ್ಟರ್ ತಿರುಗಿಯೂ ನೋಡುವುದಿಲ್ಲ. ಲೋಕಲ್ ರೈಲಿನಲ್ಲಿ ಮಲ್ಲಿಗೆ ಹೂವಿನ ಬುಟ್ಟಿಯ ಪಕ್ಕ ನಿಂತು ಹೋದೆ. ಸ್ಟೇಷನ್ನಿನ ಹೊರಗೆ ಆಟೋದವನಿಗೆ ಬೀದಿಯ ಹೆಸರು ಹೇಳಿದ ಕೂಡಲೇ ಅವನು ತಮಿಳು ಬಿಟ್ಟು ಹಿಂದಿ ಹಿಡಿದ. ಯಾರಿಗೆ ಹುಷಾರಿಲ್ಲ, ಯಾವ ಡಾಕ್ಟರು ಎಂದು ವಿಚಾರಿಸಿದ. ನಾನು ಅಕ್ಕನ ಮನೆಗೆ ಬಂದವನು ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ.

ಬೀದಿ ಕಂಡ ಮೇಲೆ ಅರ್ಥವಾಯಿತು. ದೊಡ್ಡ ಆಸ್ಪತ್ರೆಗಳು ಹತ್ತಿರದಲ್ಲಿವೆ. ಬಂಗಾಳದಿಂದ ಎರಡು ದಿನದ ರೈಲು ಹಿಡಿದು ರೋಗಿಗಳು ಬರುತ್ತಾರೆ. ಹಾಗೆ ಬಂದವರಿಗಾಗಿ ಬೀದಿಯ ಎರಡೂ ಕಡೆ ಲಾಡ್ಜುಗಳಿವೆ. ಬೋರ್ಡುಗಳ ಮೇಲೆ ತಮಿಳಿನ ಕೆಳಗೆ ಬೆಂಗಾಲಿ ಅಕ್ಷರ. ಮೀನು ಊಟದ ಮೆಸ್ಸು, ಸಾಸಿವೆ ಎಣ್ಣೆಯ ವಾಸನೆ, ಎಕ್ಸ್‌ರೇ ಕವರು ಹಿಡಿದು ನಡೆಯುವ ಗಂಡಸರು. ಈ ಎಲ್ಲದರ ನಡುವೆ ಒಂದು ಲಾಡ್ಜಿನ ನೆಲ ಅಂತಸ್ತಿನಲ್ಲಿ ಅಕ್ಕ ಮತ್ತು ಭಾವ ನಡೆಸುವ ಸಣ್ಣ ಇಡ್ಲಿ ಮೆಸ್ಸು. ಭಾವ ಮೊದಲು ಪುರಸೈವಾಕ್ಕಂನಲ್ಲಿ ನಮ್ಮ ಕಡೆಯವರ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಮಸಾಲೆ ಒಗ್ಗದ ರೋಗಿಗಳಿಗೆ ಈಗ ಇಲ್ಲಿ ಗಂಜಿ, ಇಡ್ಲಿ ಬೇಯಿಸಿ ಕೊಡುತ್ತಾನೆ.

ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ಎಂತ ಮಾರಾಯ, ಹೀಂಗ್ ಒಣ್ಗಿದ್ದೆ? ಹೆಂಡ್ತಿ ಅನ್ನ ಹಾಕ್ತಿಲ್ಯಾ?" ಎಂದಳು. ಒಳಗಿಂದ ದೀಪಾ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಸಾಪ್ಟೀಂಗಳಾ ಮಾಮಾ?" ಎಂದು ತಮಿಳಿನಲ್ಲಿ ಊಟದ ವಿಚಾರ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಅಕ್ಕನೂ ನಡುನಡುವೆ ಹೌದು ಎನ್ನುವುದಕ್ಕೆ "ಆಮಾ" ಎನ್ನುತ್ತಿದ್ದಳು, ಆದರೆ ನನ್ನ ಕಂಡೊಡನೆ ಅವಳ ಕುಂದಾಪುರ ಮಾತು ನೆಟ್ಟಗೆ ಎದ್ದು ಕೂತಿತು.

ಇಡ್ಲಿ ತಿಂದ ಮೇಲೆ ಅಕ್ಕ ಕೈ ಒರೆಸಿಕೊಂಡು ಚೀಲ ಬಿಚ್ಚಿದಳು. ನಾಲ್ಕು ಸೀರೆಗಳನ್ನು ತೊಡೆಯ ಮೇಲಿಟ್ಟು ಮೂಗಿಗೆ ಹಿಡಿದಳು. ನನ್ನ ಟ್ರಂಕಿನ ಕೆಲಸ ಫಲಿಸಿತು ಎಂದುಕೊಂಡೆ, ನಾಚಿಕೆಯೂ ಆಯಿತು. ಆಮೇಲೆ ಒಂದೊಂದೇ ಬಿಡಿಸಿ ಸೆರಗಿನ ತುದಿಯನ್ನು ಬೆರಳುಗಳ ನಡುವೆ ಹೊಸೆದು ನೋಡಿದಳು. ಒಂದು ಮೂಲೆ, ಇನ್ನೊಂದು ಮೂಲೆ. ಬಟ್ಟೆ ಎಷ್ಟು ಸವೆದಿದೆ ಎಂದು ನೋಡುತ್ತಿರಬೇಕು ಎಂದುಕೊಂಡೆ. "ಮೆತ್ತಗಿತ್ತ್" ಎಂದಷ್ಟೇ ಹೇಳಿ ಮಡಚಿಟ್ಟಳು. ಚೀಲದ ತಳದ ತುಂಡನ್ನು ಮಾತ್ರ ನಾನು ತೆಗೆಯಗೊಡಲಿಲ್ಲ, ಹಪ್ಪಳ ಪುಡಿಯಾದೀತು ಎಂದು ನೆಪ ಹೇಳಿ ಚೀಲ ಎಳೆದುಕೊಂಡೆ.

ಮಧ್ಯಾಹ್ನ ಮೆಸ್ಸಿನ ಕೆಲಸ ಮುಗಿಸಿ ಅಕ್ಕ ನನ್ನನ್ನು ಲಾಡ್ಜಿನ ಟೆರೇಸಿಗೆ ಕರೆದೊಯ್ದಳು. ನೀರಿನ ಟ್ಯಾಂಕಿನ ನೆರಳಿನಲ್ಲಿ, ಒಣಹಾಕಿದ ಲಾಡ್ಜಿನ ಬೆಡ್‌ಶೀಟುಗಳ ನಡುವೆ ಏಳೆಂಟು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಮಧ್ಯದಲ್ಲಿ ಹಾಸಿದ ಬಟ್ಟೆ, ಅದರ ಸುತ್ತ ಇವರು. ಯಾರದೋ ಗಂಡನಿಗೆ ಹೃದಯದ ಆಪರೇಷನ್, ಯಾರದೋ ಅತ್ತೆಗೆ ಕಣ್ಣು, ಯಾರದೋ ತಮ್ಮನಿಗೆ ಕಿಡ್ನಿ. ಬೆಳಿಗ್ಗೆ ಆಸ್ಪತ್ರೆ, ಸಂಜೆ ಆಸ್ಪತ್ರೆ, ನಡುವಿನ ಹೊತ್ತು ಇಲ್ಲಿ. ಗಂಡಸರಿಗೆ ಇಲ್ಲಿ ಜಾಗವಿಲ್ಲವೇನೋ ಎಂದು ನಾನು ಮೆಟ್ಟಿಲ ಬಾಗಿಲಲ್ಲೇ ನಿಂತೆ. ಇವನು ನನ್ನ ತಮ್ಮ, ದರ್ಜಿ ಎಂದು ಅಕ್ಕ ಹೇಳಿದಳು. ನಕ್ಕು, ಸರಿದು, ಜಾಗ ಕೊಟ್ಟರು.

ನಾನು ನೋಡುತ್ತಾ ಕೂತೆ. ಅವರು ಹಾಕುತ್ತಿದ್ದದ್ದು ದರ್ಜಿಗಳು ದಿನಾ ಹಾಕುವ ಹೊಲಿಗೆಯೇ. ಸೂಜಿ ಕೆಳಗೆ, ಸೂಜಿ ಮೇಲೆ, ಅಷ್ಟೇ. ನಾವು ಅದನ್ನು ಕಚ್ಚಾ ಹೊಲಿಗೆ ಎನ್ನುತ್ತೇವೆ. ಮಷೀನಿಗೆ ಕೊಡುವ ಮೊದಲು ಬಟ್ಟೆ ಜಾರದಿರಲಿ ಎಂದು ಹಾಕಿ, ಕೆಲಸ ಮುಗಿದ ಮೇಲೆ ಎಳೆದು ತೆಗೆದು ಬಿಸಾಡುತ್ತೇವೆ. ಇಲ್ಲಿ ಅದೇ ಹೊಲಿಗೆಯಲ್ಲಿ ತಾವರೆ ಅರಳಿತ್ತು, ಮೀನು ಈಜುತ್ತಿತ್ತು, ದೋಣಿ ನಿಂತಿತ್ತು. ಚಿತ್ರವಿಲ್ಲದ ಜಾಗದಲ್ಲೂ ಬಿಳಿ ದಾರದ ಸಾಲು ಒತ್ತೊತ್ತಾಗಿ ಓಡಿ, ಬಟ್ಟೆ ಗಾಳಿಗೆ ಸುಕ್ಕಾದ ಕೆರೆಯ ನೀರಿನ ಹಾಗೆ ಕಾಣುತ್ತಿತ್ತು. ತಿರುವಿ ನೋಡಿದೆ. ಹಿಂಬದಿಯೂ ಮುಂಬದಿಯ ಹಾಗೇ ಇತ್ತು, ಗಂಟು ಎಲ್ಲಿದೆಯೆಂದು ಸಿಗಲಿಲ್ಲ. ನನ್ನ ಅಂಗಡಿಯ ರವಿಕೆಯ ಒಳಬದಿಯನ್ನು ಯಾರಿಗೂ ತೋರಿಸುವ ಹಾಗಿಲ್ಲ.

ಮಾಲತಿ ಎಂಬಾಕೆ ಅವರಲ್ಲಿ ಹಿರಿಯಳು, ಬೀರ್‌ಭೂಮ್ ಕಡೆಯವಳು. ಗಂಡನ ಆಪರೇಷನ್ ಆಗಿ ಗಾಯ ಮಾಯಲೆಂದು ಕಾಯುತ್ತಿದ್ದಳು. ನಮ್ಮಲ್ಲಿ ಈ ಹೊಲಿಗೆಯನ್ನು ಬಿಚ್ಚಿ ಎಸೆಯುತ್ತೇವೆ ಎಂದು ಹಿಂದಿಯಲ್ಲಿ ಹೇಳಿದಾಗ ಅವಳು ಕನ್ನಡಕದ ಮೇಲಿಂದ ನೋಡಿ, "ಬಿಚ್ಚಿದ ಮೇಲೆ ಉಳಿಯುವುದೇನು ದಾದಾ?" ಎಂದು ಕೇಳಿದಳು. ಅಂಗಿ ಉಳಿಯುತ್ತದೆ ಎಂದೆ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು.

ಕೈಗೆ ಸೂಜಿ ಕೊಟ್ಟರು. ನಾನು ಅಭ್ಯಾಸದಂತೆ ದಾರ ಬಿಗಿದು ಎಳೆದೆ. ಬಟ್ಟೆ ಮುದುಡಿತು. ಪಕ್ಕದಲ್ಲಿದ್ದ ರೆಹಾನಾ ಎಂಬ ಮುರ್ಷಿದಾಬಾದಿನ ಹೆಂಗಸು ಉಗುರಿನಿಂದ ದಾರ ಸಡಿಲಿಸಿ ತೋರಿಸಿದಳು. ದಾರ ಬಟ್ಟೆಯೊಳಗೆ ಮಲಗಬೇಕಂತೆ, ಜಗ್ಗಾಡಬಾರದಂತೆ. ಆ ದಾರವೂ ಅಂಗಡಿಯದಲ್ಲ. ಹಳೆಯ ಸೀರೆಯ ಅಂಚಿನಿಂದ ಒಂದೊಂದೇ ಎಳೆ ಬಿಡಿಸಿ, ಎರಡು ಮೂರು ಎಳೆ ಕೂಡಿಸಿ ಹೊಸೆದದ್ದು. ಕೆಂಪು, ನೀಲಿ, ಕಪ್ಪು, ಎಲ್ಲಾ ಯಾರೋ ಉಟ್ಟು ಒಗೆದು ಮಾಸಿದ ಬಣ್ಣ. ನಮ್ಮಲ್ಲಿ ಘಟ್ಟದ ಮೇಲಿಂದ ರಸ್ತೆ ಕೆಲಸಕ್ಕೆ ಬಂದ ಹೆಂಗಸರು ಕೌದಿ ಹೊಲಿಯಲು ನನ್ನ ಅಂಗಡಿಯ ಚೂರು ಬಟ್ಟೆ ಕೇಳುತ್ತಾರೆ. ಚೂರು ಕೊಟ್ಟು ಕಳಿಸುತ್ತೇನೆಯೇ ಹೊರತು, ಅದು ಏನಾಗುತ್ತದೆ ಎಂದು ಒಮ್ಮೆಯೂ ಹೋಗಿ ನೋಡಿದವನಲ್ಲ.

ಆ ಟೆರೇಸಿಗೆ ಅದರದೇ ಎರಡು ರೂಢಿಗಳಿದ್ದವು. ಹಾಸಿದ ಬಟ್ಟೆ ಯಾರೊಬ್ಬರದಾದರೂ ಹೊಲಿಗೆ ಎಲ್ಲರದು. ಊರಿಗೆ ಹೊರಟವರು ತಮ್ಮ ಸೂಜಿಯ ದಾರ ಕತ್ತರಿಸುವುದಿಲ್ಲ, ಹಾಗೇ ಚುಚ್ಚಿ ಬಿಡುತ್ತಾರೆ. ಹಿಂದೆ ಬಂದವರು ಅದೇ ದಾರ ಹಿಡಿದು ಮುಂದುವರಿಸುತ್ತಾರೆ. ಇದು ಒಂದು. ಇನ್ನೊಂದು, ಹೊಸ ಕಾಂಥಾ ಶುರು ಮಾಡುವಾಗ ಬಟ್ಟೆ ತಂದವರು ಅದು ಯಾರು ಉಟ್ಟದ್ದು, ಆಕೆ ಎಂಥವಳು ಎಂದು ಹೇಳಬೇಕು. ಹೇಳದೆ ಯಾರೂ ಸೂಜಿ ಇಡುವುದಿಲ್ಲ. ಯಾರ ಮೈಯ ಬಟ್ಟೆಯೆಂದು ಗೊತ್ತಿಲ್ಲದೆ ಮಗುವಿಗೆ ಹೊದಿಸುವುದು ಹೇಗೆ ಎಂದು ಮಾಲತಿ ಕೇಳಿದಳು. ಅವಳ ಊರಿನಲ್ಲಿ ಹುಟ್ಟಿದ ಮಗುವನ್ನು ಹೊಸ ಬಟ್ಟೆಗೆ ಹಾಕುವುದಿಲ್ಲ. ಬಾಳಿ ಬದುಕಿದವಳ ಸವೆದ ಸೀರೆಯೇ ಬೇಕು, ಕೆಟ್ಟ ದೃಷ್ಟಿ ಅದನ್ನು ದಾಟುವುದಿಲ್ಲ. ನಮ್ಮಲ್ಲೂ ತೊಟ್ಟಿಲಿಗೆ ಅಜ್ಜಿಯ ಸೀರೆಯೇ ಅಲ್ದಾ ಎಂದು ಅಕ್ಕ ನನ್ನತ್ತ ನೋಡಿದಳು.

ಬಟ್ಟೆ ಯಾರದೆಂದು ಗೊತ್ತೇ ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಕುತೂಹಲಕ್ಕೆ ಕೇಳಿದವನಂತೆ ಕೇಳಿದೆ. ಮಾಲತಿ ಸೂಜಿ ನಿಲ್ಲಿಸದೆ ಹೇಳಿದಳು. ಹೋದ ತಿಂಗಳು ಒಬ್ಬ ಹುಡುಗಿ ಟಿ. ನಗರದ ಬೀದಿಬದಿಯಲ್ಲಿ ಕೊಂಡ ಹಳೆಯ ಸೀರೆ ತಂದಿದ್ದಳಂತೆ. ಯಾರದೋ ಗೊತ್ತಿಲ್ಲ, ನನಗೆ ತಾಯಿಯಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಯಾರದೋ ತಾಯಿಯದು ಎಂದು ಎಲ್ಲರೂ ಸೇರಿ ಹೊಲಿದು ಕೊಟ್ಟರಂತೆ.

ಮರುದಿನ ಬೆಳಿಗ್ಗೆ ಅಕ್ಕ ನನ್ನನ್ನು ಪುರಸೈವಾಕ್ಕಂಗೆ ಕರೆದುಕೊಂಡು ಹೋದಳು. ಸೂಜಿ ಕೊಳ್ಳಬೇಕಿತ್ತು, ದೀಪಾಳಿಗೆ ಸಡಿಲ ನೈಟಿ ಬೇಕಿತ್ತು. ಆ ರಸ್ತೆಯಲ್ಲಿ ಬಟ್ಟೆಯಂಗಡಿಯ ಮುಂದೆ ಪಾತ್ರೆಯಂಗಡಿ, ಪಾತ್ರೆಯಂಗಡಿಯ ಮುಂದೆ ಬಳೆ, ನಡೆಯುವುದಕ್ಕೆ ಉಳಿದ ಜಾಗದಲ್ಲಿ ಹೂವು. ಹೊಲಿಗೆ ಸಾಮಾನಿನ ಅಂಗಡಿಯ ಮುದುಕ ನನ್ನ ಬೆರಳು ನೋಡಿಯೇ ದರ್ಜಿ ಎಂದು ಗುರುತಿಸಿದ. ಕಣ್ಣು ಉದ್ದವಿರುವ ಸಣ್ಣ ಸೂಜಿಯ ಪೊಟ್ಟಣ ಇಪ್ಪತ್ತು ರೂಪಾಯಿ. ಕಾಂಥಾಗೆ ಎಂದು ಅಕ್ಕ ಹೇಳಿದ್ದೇ ತಡ, ಬೆಂಗಾಲಿ ಹೆಂಗಸರು ದಾರ ಮಾತ್ರ ಕೊಳ್ಳುವುದಿಲ್ಲ, ಅವರಿಂದ ನನಗೆ ಲಾಭವಿಲ್ಲ ಎಂದು ತಮಿಳಿನಲ್ಲಿ ಗೊಣಗಿದ. ಅಕ್ಕ ಅವನಿಗೆ ತಮಿಳಿನಲ್ಲೇ ತಿರುಗೇಟು ಕೊಟ್ಟು ಒಂದು ಪೊಟ್ಟಣ ಹೆಚ್ಚಿಗೆ ಹಾಕಿಸಿಕೊಂಡಳು.

ಭಾವ ಮೊದಲು ಕೆಲಸ ಮಾಡಿದ ಹೋಟೆಲಿಗೆ ಹೋದೆವು. ಕ್ಯಾಷಿನಲ್ಲಿದ್ದವರು ಬೈಂದೂರಿನವರು. ಊರಿನ ಮಳೆ, ಮೀನಿನ ರೇಟು, ಯಾರ ಮನೆಯ ಬಾವಿ ಬತ್ತಿತು ಎಂದು ಎಲ್ಲ ವಿಚಾರಿಸಿಕೊಂಡು ಗೋಳಿಬಜೆ ಕಳಿಸಿದರು. ತಿನ್ನುತ್ತಾ ನನಗೆ ಅನಿಸಿತು, ಈಗ ಹೇಳಿಬಿಡಬೇಕು. ಸುತ್ತಲೂ ಜನ, ತಟ್ಟೆಗಳ ಸದ್ದು, ಅಕ್ಕ ಅತ್ತರೂ ಬೈದರೂ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನೇ ಮಾತು ತೆಗೆದಳು.

"ಅಮ್ಮ ಟ್ರಂಕಿನ ಕೀಲಿಕೈ ಸೆರಗಿಗೆ ಕಟ್ಟಿಕಂತಿದ್ಲಲ್ಲ, ನೆನಪಿತ್ತಾ?"

ನೆನಪಿದೆ ಎಂದೆ.

"ಎಲ್ಲ ಸೀರೆಯ ಮೂಲೆಗೂ ತೂತ್. ತುಕ್ಕಿನ ಕಲೆ. ನಾನ್ ಸಣ್ಣವ್ಳಿಪ್ಪಾಗ ಆ ತೂತಿಗೆ ಬೆರಳ್ ಹಾಕಂಡೇ ಮಲಗ್ತಿದ್ದದ್ದ್."

ಹಾಗೆಂದು ಕಾಫಿ ಕುಡಿದಳು. ನಿನ್ನೆ ಸೆರಗಿನ ಮೂಲೆಗಳನ್ನು ಅವಳು ಬೆರಳಲ್ಲಿ ಹೊಸೆದು ಹೊಸೆದು ಹುಡುಕಿದ್ದು ಏನೆಂದು ಆಗ ಹೊಳೆಯಿತು. ಶಾರದಕ್ಕ ಕೀಲಿಕೈಯನ್ನು ಮೊಳೆಗೆ ನೇತುಹಾಕುವವಳು. ವಾಸನೆ ಹಿಡಿಸಲು ಅಷ್ಟು ಕಷ್ಟಪಟ್ಟವನಿಗೆ ಈ ತೂತು ನೆನಪೇ ಆಗಿರಲಿಲ್ಲ. ಅಕ್ಕನಿಗೆ ತಿಳಿದಿದೆಯೇ, ಇಲ್ಲವೇ? ನಾನು ಅವಳ ಮುಖ ನೋಡಿದೆ. ಅವಳು ಬೈಂದೂರಿನವರ ಜೊತೆ ಮಗಳ ಸೀಮಂತದ ವಿಚಾರ ಮಾತಾಡುತ್ತಿದ್ದಳು. ಬಿಲ್ಲು ನಾನೇ ಕೊಡುತ್ತೇನೆಂದು ಜಗಳವಾಡಿದೆ, ಧೈರ್ಯ ತೋರಿಸಿದ್ದು ಅಷ್ಟಕ್ಕೆ ಮಾತ್ರ.

ಅದೇ ಮಧ್ಯಾಹ್ನ ರೆಹಾನಾ ಊರಿಗೆ ಹೊರಟಳು. ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿದ್ದರು. ಅಕ್ಕನಿಗೆ ಮೊದಲು ಸೂಜಿ ಹಿಡಿಸಿದವಳು ಇವಳೇ. ಟೆರೇಸಿಗೆ ಬಂದು, ತಾನು ಹೊಲಿಯುತ್ತಿದ್ದ ದೋಣಿಯ ಮುಂದೆ ಕೂತು, ಇನ್ನೊಂದು ಸಾಲು ಹಾಕಿ, ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟಳು. ನೀಲಿ ದಾರ ಗೇಣುದ್ದ ನೇತಾಡುತ್ತಿತ್ತು. ದೋಣಿಗೆ ಹಾಯಿ ಇನ್ನೂ ಆಗಿರಲಿಲ್ಲ. ಅತ್ತೆಯನ್ನು ಮೆಟ್ಟಿಲ ಹತ್ತಿರ ಕರೆತಂದಿದ್ದರು. ಆ ಮುದುಕಿ ಕಪ್ಪು ಕನ್ನಡಕ ಎತ್ತಿ, ಸೊಸೆ ಇಷ್ಟು ದಿನ ಮಾಡಿದ್ದೇನೆಂದು ಮೊದಲ ಸಲ ಕಣ್ಣಾರೆ ನೋಡಿ, ಮೀನಿನ ಬಾಲ ಸೊಟ್ಟ ಎಂದಳಂತೆ. ಹೆಂಗಸರೆಲ್ಲ ನಕ್ಕು ಬಿದ್ದರು. ರೆಹಾನಾ ಅಕ್ಕನನ್ನು ತಬ್ಬಿಕೊಂಡು, ಮಗು ಹುಟ್ಟಿದ ಮೇಲೆ ಫೋಟೋ ಕಳಿಸಬೇಕು ಎಂದು ಹೇಳಿ ಇಳಿದು ಹೋದಳು. ಆಮೇಲೆ ಆ ನೇತಾಡುವ ದಾರವನ್ನು ಯಾರೂ ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಕೊನೆಗೆ ನಿನ್ನೆಯಷ್ಟೇ ಲಾಡ್ಜಿಗೆ ಬಂದ, ಇನ್ನೂ ಯಾರ ಹೆಸರೂ ತಿಳಿಯದ ಒಬ್ಬ ಹೆಂಗಸು ಬಂದು ಕೂತು ಸೂಜಿ ಎತ್ತಿಕೊಂಡಳು.

ಮೂರನೆಯ ದಿನ ನನ್ನ ವಾಪಸು ಪ್ರಯಾಣ. ರೈಲು ರಾತ್ರಿಗೆ, ಹಾಗಾಗಿ ಅಮ್ಮನ ಕಾಂಥಾ ಮಧ್ಯಾಹ್ನವೇ ಹಾಸೋಣ, ನೀನೂ ಇರು ಎಂದು ಅಕ್ಕ ಹೇಳಿದ್ದಳು. ಟೆರೇಸನ್ನು ಗುಡಿಸಿ ಚಾಪೆ ಹಾಸಿದ್ದರು. ನಾಲ್ಕು ಸೀರೆಗಳನ್ನು ಮಗುವಿನ ಅಳತೆಗೆ ಮಡಚಿ, ಒಂದರ ಮೇಲೊಂದು ಹಾಸಿ, ಸುಕ್ಕಿಲ್ಲದಂತೆ ಅಂಗೈಯಿಂದ ನೀವಿ, ಗಾಳಿಗೆ ಹಾರದಿರಲೆಂದು ಮೂಲೆಗಳಿಗೆ ಮೆಸ್ಸಿನ ಇಡ್ಲಿ ತಟ್ಟೆಗಳನ್ನೇ ಇಟ್ಟರು. ದೀಪಾ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ನಿನಗೆ ಇಂಥ ಚಂದದ ಹೊದಿಕೆ ಎಂದು ನಾನು ಏನೋ ಹೇಳಬೇಕೆಂದು ಹೇಳಿದೆ. "ಎನಕ್ಕಿಲ್ಲ ಮಾಮಾ, ಪಾಪಾವುಕ್ಕು" ಎಂದಳು. ನನಗಲ್ಲ, ಮಗುವಿಗೆ. ಹಾಗೆಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಹೆಂಗಸರು ನಾಲ್ಕೂ ಬದಿಗೆ ಕೂತರು. ಸೂಜಿಗಳಿಗೆ ದಾರ ಪೋಣಿಸಿ ಆಯಿತು. ಮಾಲತಿ ಕನ್ನಡಕ ಒರೆಸಿಕೊಂಡು ಅಕ್ಕನ ಕಡೆ ನೋಡಿದಳು. ಹೇಳು ದೀದಿ, ಯಾರ ಸೀರೆ, ಎಂಥ ಹೆಂಗಸು?

ಅಕ್ಕ ತಲೆ ಎತ್ತಲಿಲ್ಲ. ಸೀರೆಯ ಒಂದು ಮೂಲೆಯನ್ನು ಬೆರಳಲ್ಲಿ ನೀವುತ್ತಾ, "ಕಡೇಲಿ ಅಮ್ಮನ ಹತ್ರ ಇದ್ದದ್ದ್ ನೀನ್, ಶೇಖರ. ನೀನೇ ಹೇಳ್" ಎಂದಳು.

ನಾನು ಶುರು ಮಾಡಿದೆ. ಅಮ್ಮನ ಹೆಸರು ಹೇಳಿದೆ. ಅವಳು ಮೀನು ಪೇಟೆಯಲ್ಲಿ ಚೌಕಾಸಿಗೆ ಪ್ರಸಿದ್ಧಳು, ಕೊನೆಯ ಬೆಲೆಗೆ ಒಪ್ಪಿದ ಮೇಲೂ ಒಂದು ಸಣ್ಣ ಬಂಗುಡೆ ಹೆಚ್ಚಿಗೆ ಹಾಕಿಸಿಕೊಳ್ಳದೆ ಬುಟ್ಟಿ ಎತ್ತುತ್ತಿರಲಿಲ್ಲ ಎಂದೆ. ಮಾಲತಿಗೆ ಅದು ತುಂಬಾ ಹಿಡಿಸಿತು, ಬೆಂಗಾಲಿಯಲ್ಲಿ ಉಳಿದವರಿಗೆ ಹೇಳಿದಳು. ನಾನು ಸೈಕಲ್ಲಿನಿಂದ ಬಿದ್ದು ಬಂದಾಗ ಮೊದಲು ಹೊಡೆದು ಆಮೇಲೆ ಗಾಯ ತೊಳೆದವಳು ಎಂದೆ. ಟ್ರಂಕಿನ ಕೀಲಿಕೈ ಎಂದು ಶುರು ಮಾಡಿದೆ, ಅಲ್ಲಿಗೆ ಮಾತು ನಿಂತಿತು. ಸೂಜಿ ಹಿಡಿದ ಕೈಗಳೆಲ್ಲ ಬಟ್ಟೆಯ ಮೇಲೆ ಕಾದು ನಿಂತಿದ್ದವು. ನಾನು ಹೇಳಿದ್ದೆಲ್ಲ ಅಮ್ಮನ ವಿಷಯ, ಮುಂದೆ ಹಾಸಿದ್ದು ಬೇರೆಯವರ ಸೀರೆ. ಮೊದಲ ಸೂಜಿ ಇಳಿದರೆ ನನ್ನ ಸುಳ್ಳು ಆ ಹೊದಿಕೆಯೊಳಗೇ ಸೇರಿಕೊಂಡು, ಮಗುವಿನ ಮೈಗೆ ಬರುತ್ತಿತ್ತು.

ಸ್ವಲ್ಪ ತಾಳಿ ಎಂದು ಸನ್ನೆ ಮಾಡಿ ಎದ್ದು, ಮೆಟ್ಟಿಲ ಹತ್ತಿರ ಇಟ್ಟಿದ್ದ ಚೀಲ ತಂದೆ. ಕಾಸರಗೋಡಿನ ಹಪ್ಪಳಗಳು ಎಂದೋ ಪುಡಿಯಾಗಿದ್ದವು. ಅವುಗಳ ಅಡಿಯಿಂದ ಹಸಿರು ತುಂಡನ್ನು ಎಳೆದು, ಪುಡಿ ಕೊಡವಿ, ಹಾಸಿದ ಸೀರೆಗಳ ಮೇಲೆ ಅಕ್ಕನ ಮುಂದೆ ಬಿಡಿಸಿಟ್ಟೆ. ನಡುವೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತು. ಮೂಲೆಯಲ್ಲಿ, ನಾನು ಅಲ್ಲಿಯವರೆಗೆ ಒಮ್ಮೆಯೂ ಸರಿಯಾಗಿ ನೋಡದಿದ್ದ, ಸುತ್ತ ತುಕ್ಕು ಹಿಡಿದ ಒಂದು ತೂತು.

ಅಕ್ಕನ ಬೆರಳು ನೇರವಾಗಿ ಅಲ್ಲಿಗೇ ಹೋಯಿತು.

ನಾನು ಹಿಂದಿಯಲ್ಲಿ ಹೇಳಲಿಲ್ಲ. ಹೇಳಬೇಕಾದದ್ದು ಅವಳೊಬ್ಬಳಿಗೆ.

"ಅಕ್ಕ, ಇದ್ ಅಮ್ಮನ ಸೀರೆ ಅಲ್ಲ, ಶಾರದಕ್ಕಂದ್. ಅಮ್ಮನ ಸೀರೆ ಎಲ್ಲ ನಾನೇ ಕತ್ತರ್ಸಿ ಹಾಳ್ ಮಾಡ್ದೆ, ಉಳ್ದದ್ದ್ ಇಷ್ಟೇ. ನಿಂಗೆ ಸುಳ್ಳ್ ಹೇಳ್ದೆ. ನಂದ್ ತಪ್ಪಾಯ್ತ್ ಅಕ್ಕ."